ಹನ್ನೊಂದು ತಿಂಗಳ ಮನೆ: ಬಾಡಿಗೆ ಕರಾರು ಮತ್ತು ಇಬ್ಬರ ಹೊಣೆ



ಈ ಉಪನ್ಯಾಸಕ್ಕೆ ಕರೆ ಬಂದಾಗ ಸಂವಿಧಾನದ ಯಾವುದಾದರೂ ದೊಡ್ಡ ಪ್ರಶ್ನೆಯನ್ನು ಎತ್ತಿಕೊಳ್ಳಬಹುದಿತ್ತು. ನಾನು ಆರಿಸಿಕೊಂಡದ್ದು ನಮ್ಮೆಲ್ಲರ ಬೀರುವಿನಲ್ಲಿ ಮಡಚಿಟ್ಟಿರುವ ಎರಡು ಮೂರು ಹಾಳೆಗಳ ಒಂದು ಕಾಗದವನ್ನು. ಅದು ಮನೆ ಬಾಡಿಗೆ ಕರಾರು ಪತ್ರ. ಈ ಸಭೆಯಲ್ಲಿ ಹೆಚ್ಚಿನವರು ಒಂದಲ್ಲ ಒಂದು ಕಾಲದಲ್ಲಿ ಬಾಡಿಗೆ ಮನೆಯಲ್ಲಿದ್ದವರು, ಇಲ್ಲವೇ ಮನೆ ಬಾಡಿಗೆಗೆ ಕೊಟ್ಟವರು. ಆದರೆ ಆ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಸಹಿ ಹಾಕಿದವರು ಎಷ್ಟು ಮಂದಿ? ಬ್ರೋಕರ್ ತಂದುಕೊಟ್ಟ, ನೋಟರಿ ಮೊಹರು ಒತ್ತಿದ, ಹಿಂದಿನವರ ಹೆಸರು ಅಳಿಸಿ ನಮ್ಮ ಹೆಸರು ಸೇರಿಸಿದ ಕಾಗದಕ್ಕೆ ನಾವು ನಿಂತಲ್ಲೇ ಸಹಿ ಹಾಕುತ್ತೇವೆ. ಮನೆ ಬಿಡುವ ದಿನ ಜಗಳವಾದಾಗ ಮೊದಲ ಸಲ ಅದನ್ನು ಓದುತ್ತೇವೆ.

ನಾನು ಬೆಳೆದದ್ದು ವಠಾರದಲ್ಲಿ. ನಡುವೆ ಒಂದು ನಲ್ಲಿ, ಸುತ್ತ ಎಂಟು ಮನೆ. ನಮ್ಮ ತಂದೆಯವರಿಗೂ ಮಾಲೀಕರಿಗೂ ನಡುವೆ ಕರಾರು ಪತ್ರವೆಂಬುದು ಇರಲಿಲ್ಲ. ಇದ್ದದ್ದು ಒಂದು ನೋಟು ಪುಸ್ತಕ. ತಿಂಗಳಿಗೊಂದು ಸಾಲು, ತಾರೀಖು, ಮೊತ್ತ, ಮಾಲೀಕರ ಸಹಿ. ಒಂದು ಮಳೆಗಾಲ ಅಡುಗೆಮನೆಯ ಹೆಂಚು ಒಡೆದು ಒಲೆಯ ಮೇಲೆ ನೀರು ಸುರಿಯತೊಡಗಿತು. ತಂದೆ ಮೂರು ಸಲ ಹೇಳಿದರು, ನಾಲ್ಕನೆಯ ಸಲ ಒಂದು ಕಾರ್ಡು ಬರೆದರು. ಆಮೇಲೆ ತಾವೇ ಹೆಂಚು ತರಿಸಿ ಹೊದಿಸಿದರು. ತಿಂಗಳ ಕೊನೆಗೆ ಆ ಖರ್ಚನ್ನು ಕಳೆದು ಉಳಿದ ಬಾಡಿಗೆಯನ್ನು ಕೊಟ್ಟು, ನೋಟು ಪುಸ್ತಕದಲ್ಲಿ ಹಾಗೆಯೇ ಬರೆದು ಸಹಿ ಹಾಕಿದರು. ಮಾಲೀಕರು ಒಂದು ಗಳಿಗೆ ನೋಡಿ ತಾವೂ ಸಹಿ ಹಾಕಿದರು. ಎಷ್ಟೋ ವರ್ಷಗಳ ಮೇಲೆ ಕಾನೂನು ಕಾಲೇಜಿನಲ್ಲಿ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಓದುವಾಗ ನನಗೆ ಆ ಹೆಂಚು ನೆನಪಾಯಿತು. ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ತಕ್ಕ ಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದು ಎಂದು ಅಲ್ಲಿ ಬರೆದಿತ್ತು. ನಮ್ಮ ತಂದೆ ಆ ಕಾಯ್ದೆಯನ್ನು ಓದಿರಲಿಲ್ಲ, ಮಾಲೀಕರೂ ಓದಿರಲಿಲ್ಲ. ನ್ಯಾಯ ಯಾವುದೆಂದು ಇಬ್ಬರಿಗೂ ಗೊತ್ತಿತ್ತು. ನನ್ನ ಇವತ್ತಿನ ಮಾತೆಲ್ಲ ಆ ನೋಟು ಪುಸ್ತಕದ ಸುತ್ತಲೇ ಇದೆ ಎಂದುಕೊಳ್ಳಿ.

ಬಾಡಿಗೆಗೆ ಕೊಡುವುದು ಏನನ್ನು?

ಮನೆಯನ್ನು ಮಾರಿದಾಗ ಒಡೆತನ ಕೈ ಬದಲಾಗುತ್ತದೆ. ಬಾಡಿಗೆಗೆ ಕೊಟ್ಟಾಗ ಒಡೆತನ ಇದ್ದಲ್ಲೇ ಇರುತ್ತದೆ. ಕೈ ಬದಲಾಗುವುದು ಅನುಭೋಗದ ಹಕ್ಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಕಲಂ ಗುತ್ತಿಗೆಗೆ ಕೊಡುವ ಅರ್ಥ ಇದೇ: ಒಂದು ಅವಧಿಗೆ, ಒಂದು ಪ್ರತಿಫಲಕ್ಕೆ, ಸ್ಥಿರಾಸ್ತಿಯನ್ನು ಅನುಭೋಗಿಸುವ ಹಕ್ಕಿನ ವರ್ಗಾವಣೆ. ಬೀಗದ ಕೈ ಕೊಟ್ಟ ಗಳಿಗೆಯಿಂದ ಅದನ್ನು ಹಿಂದಕ್ಕೆ ಪಡೆಯುವ ಗಳಿಗೆಯವರೆಗೆ ಗೋಡೆ ಮಾಲೀಕರದು, ಮನೆ ಬಾಡಿಗೆದಾರರದು. ಈ ಒಂದು ಮಾತನ್ನು ಎರಡೂ ಕಡೆಯವರು ಒಪ್ಪಿದರೆ ಉಳಿದ ಕಾನೂನೆಲ್ಲ ಅದರಿಂದ ತಾನಾಗಿ ಹುಟ್ಟುತ್ತದೆ. ನಾನು ಕಂಡ ಬಾಡಿಗೆ ವ್ಯಾಜ್ಯಗಳ ಬೇರನ್ನು ಹುಡುಕಿದರೆ, ಒಬ್ಬರಲ್ಲ ಒಬ್ಬರು ಈ ಮಾತಿನ ಅರ್ಧವನ್ನು ಮರೆತಿರುತ್ತಾರೆ. ಮಾಲೀಕರು ಮನೆ ಇನ್ನೊಬ್ಬರದು ಎಂಬುದನ್ನು ಮರೆಯುತ್ತಾರೆ, ಬಾಡಿಗೆದಾರರು ಗೋಡೆ ಇನ್ನೊಬ್ಬರದು ಎಂಬುದನ್ನು ಮರೆಯುತ್ತಾರೆ.

ಹಾಸ್ಟೆಲು, ಪಿ.ಜಿ.ಗಳಲ್ಲಿ ಇರುವ ಮಕ್ಕಳ ಸ್ಥಿತಿ ಬೇರೆ. ಅಲ್ಲಿ ಸಿಗುವುದು ಕೋಣೆಯಲ್ಲಿ ಇರಲು ಅನುಮತಿ. ಸ್ವಾಧೀನ ನಡೆಸುವವರಲ್ಲೇ ಉಳಿಯುತ್ತದೆ. ಕಾನೂನು ಇದನ್ನು ಲೈಸೆನ್ಸ್ ಎನ್ನುತ್ತದೆ. ಕೆಲವು ಮಾಲೀಕರು ಇಡೀ ಮನೆಯನ್ನೇ ಬಿಟ್ಟುಕೊಟ್ಟು, ಕಾಗದದ ಮೇಲೆ ಮಾತ್ರ ಲೈಸೆನ್ಸ್ ಎಂದು ಬರೆಸುತ್ತಾರೆ. ಕಾಗದದ ತಲೆಬರಹಕ್ಕಿಂತ ವ್ಯವಹಾರದ ಒಳತಿರುಳನ್ನು ನೋಡಬೇಕೆಂದು ಸುಪ್ರೀಂ ಕೋರ್ಟು 1959ರಷ್ಟು ಹಿಂದೆಯೇ, ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ಹೇಳಿದೆ. ಹೆಸರು ಬದಲಾಯಿಸಿದ ಮಾತ್ರಕ್ಕೆ ಹಕ್ಕು ಬದಲಾಗುವುದಿಲ್ಲ.

ಹನ್ನೊಂದೇ ತಿಂಗಳು ಏಕೆ?

ಕರಾರು ಹನ್ನೊಂದು ತಿಂಗಳಿಗೇ ಏಕೆ ಎಂದು ಕೇಳಿದರೆ ಬಹಳ ಜನ ಅದು ಪದ್ಧತಿ ಎನ್ನುತ್ತಾರೆ. ಪದ್ಧತಿಯ ಹಿಂದೆ ಎರಡು ಕಲಂಗಳಿವೆ. ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಂ ಮತ್ತು 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಓಡಾಟ ಮತ್ತು ಶುಲ್ಕ ತಪ್ಪಿಸಲು ಹನ್ನೆರಡರಿಂದ ಒಂದನ್ನು ಕಳೆದರು. ಹೀಗೆ ನಮ್ಮ ನಗರಗಳ ಸಂಸಾರಗಳು ಹನ್ನೊಂದು ತಿಂಗಳ ಲೆಕ್ಕದಲ್ಲಿ ಬದುಕುವಂತಾಯಿತು.

ಉಳಿತಾಯವಾದದ್ದು ಸ್ವಲ್ಪ, ಕಳೆದುಕೊಂಡದ್ದು ಹೆಚ್ಚು. ಮೂರು ವರ್ಷ ಇರುತ್ತೇವೆಂದು ಬಾಯಲ್ಲಿ ಒಪ್ಪಿ, ಮಗುವನ್ನು ಹತ್ತಿರದ ಶಾಲೆಗೆ ಸೇರಿಸಿದ ತಾಯಿಯ ಕೈಯಲ್ಲಿ ಕಾನೂನಿನ ಆಧಾರವೆಂದು ಇರುವುದು ಹನ್ನೊಂದು ತಿಂಗಳು ಮಾತ್ರ. ಮೂರು ವರ್ಷದ ಕರಾರನ್ನೇ ಬರೆದು ನೋಂದಾಯಿಸದೆ ಬಿಟ್ಟರೆ, ಆ ಅವಧಿಯನ್ನು ಸಾಧಿಸಲು ನ್ಯಾಯಾಲಯದಲ್ಲಿ ಆ ಪತ್ರ ನಿಲ್ಲುವುದಿಲ್ಲ. ಹಾಗೆಂದು ಬಾಡಿಗೆ ಸಂಬಂಧವೇ ಇಲ್ಲವೆಂದು ಅರ್ಥವಲ್ಲ. ಸ್ವಾಧೀನ ಕೊಟ್ಟು ಬಾಡಿಗೆ ಪಡೆಯುತ್ತಿದ್ದರೆ ನೋಂದಣಿ ಇಲ್ಲದಿದ್ದರೂ ತಿಂಗಳಿಂದ ತಿಂಗಳಿಗೆ ನಡೆಯುವ ಗುತ್ತಿಗೆ ಇದ್ದೇ ಇರುತ್ತದೆ. ಸುಪ್ರೀಂ ಕೋರ್ಟು 2000ದ ಆ್ಯಂಟನಿ ವಿರುದ್ಧ ಇಟ್ಟೂಪ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿತು. ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ಪಡೆಯುತ್ತಾ ಹೋದರೆ ಸ್ವತ್ತು ವರ್ಗಾವಣೆ ಕಾಯ್ದೆಯ 116ನೇ ಕಲಂ ಅನ್ವಯ ಅದೂ ತಿಂಗಳ ಗುತ್ತಿಗೆಯಾಗುತ್ತದೆ. ತಿಂಗಳ ಗುತ್ತಿಗೆಯನ್ನು ಹದಿನೈದು ದಿನದ ಲಿಖಿತ ನೋಟಿಸು ಕೊಟ್ಟು ಇಬ್ಬರಲ್ಲಿ ಯಾರು ಬೇಕಾದರೂ ಮುಗಿಸಬಹುದು. ಮೂರು ವರ್ಷದ ಆಸೆ ಹದಿನೈದು ದಿನಕ್ಕೆ ಇಳಿಯುವುದು ಹೀಗೆ.

ಇನ್ನೆರಡು ತಪ್ಪು ತಿಳಿವಳಿಕೆಗಳನ್ನು ತಿದ್ದಬೇಕು. ನೋಟರಿಯ ಮೊಹರು ನೋಂದಣಿಯಲ್ಲ. ಸಹಿ ಹಾಕಿದವರು ಇವರೇ ಎಂದಷ್ಟೇ ಅದು ಹೇಳುತ್ತದೆ. ಹಾಗೆಯೇ ಯಾವುದೋ ಬೆಲೆಯ ಬಾಂಡ್ ಪೇಪರ್ ಸಾಕು ಎಂಬುದೂ ತಪ್ಪು. ಛಾಪಾ ಶುಲ್ಕವನ್ನು ಬಾಡಿಗೆ ಮತ್ತು ಅಡ್ವಾನ್ಸ್ ಎರಡನ್ನೂ ಹಿಡಿದು ಲೆಕ್ಕ ಹಾಕಬೇಕು. 1957ರ ಕರ್ನಾಟಕ ಛಾಪಾ ಕಾಯ್ದೆಯ ಪ್ರಕಾರ ಶುಲ್ಕ ಕಡಿಮೆಯಾದ ಪತ್ರವನ್ನು ನ್ಯಾಯಾಲಯ ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಒಪ್ಪಬೇಕಾದರೆ ಕೊರತೆಯ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ.

ಅಡ್ವಾನ್ಸ್ ಎಂಬ ಒತ್ತೆ

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಂಬುದು ಬಹಳ ಕಾಲದಿಂದ ಬಂದ ರೂಢಿ. ಈಗ ಕೆಲವೆಡೆ ಅದು ಐದಾರು ತಿಂಗಳಿಗೆ ಇಳಿದಿರಬಹುದು, ಆದರೂ ಸಣ್ಣ ಸಂಬಳದವರಿಗೆ ಅದೇ ದೊಡ್ಡ ಬೆಟ್ಟ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಅಡ್ವಾನ್ಸ್ ಪಡೆಯಬಾರದು ಎನ್ನುತ್ತದೆ. ಆದರೆ ಮಾಲೀಕ ಬಾಡಿಗೆದಾರರ ಸಂಬಂಧದ ಕಾನೂನನ್ನು ನಮ್ಮಲ್ಲಿ ರಾಜ್ಯಗಳೇ ಮಾಡುತ್ತವೆ. ರಾಜ್ಯದ ಶಾಸಕಾಂಗ ತನ್ನ ಕಾನೂನಾಗಿ ತರುವವರೆಗೆ ಮಾದರಿ ಕಾಯ್ದೆ ಮಾದರಿಯಾಗಿಯೇ ಇರುತ್ತದೆ.

ಅಡ್ವಾನ್ಸ್ ಹಣ ಮಾಲೀಕರಿಗೆ ಬಂದ ಆದಾಯವಲ್ಲ, ಅವರ ಬಳಿ ಇಟ್ಟ ಒತ್ತೆ. ಬಾಕಿ ಬಾಡಿಗೆ, ಬಾಕಿ ಕರೆಂಟು ಬಿಲ್ಲು, ನಿಜವಾಗಿ ಆದ ಹಾನಿ, ಇಷ್ಟನ್ನು ಕಳೆದು ಉಳಿದದ್ದು ಬೀಗದ ಕೈಯ ಜೊತೆಗೇ ಮರಳಬೇಕು. ನಮ್ಮಲ್ಲಿ ಈ ಕಡಿತಗಳಿಗೆ ಸುಣ್ಣಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ಸೇರಿಕೊಂಡಿದೆ. ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಏನು ಹೇಳುತ್ತದೆ? ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲಿ ಒಪ್ಪಿಸಬೇಕು, ಆದರೆ ಸಹಜ ಬಳಕೆಯ ಸವೆತ ಅವನ ಹೊಣೆಯಲ್ಲ. ಮೂರು ವರ್ಷ ಸಂಸಾರ ನಡೆಸಿದ ಮನೆಯ ಬಣ್ಣ ಮಾಸುವುದು ಸಹಜ ಸವೆತ. ಬಾಗಿಲು ಮುರಿದಿದ್ದರೆ ಅದು ಹಾನಿ.

ಇಲ್ಲಿ ಒಂದು ಎಚ್ಚರ ಬೇಕು. 108ನೇ ಕಲಂನ ನಿಯಮಗಳು ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದಾಗ ಅನ್ವಯಿಸುವಂಥವು. ಕರಾರು ಸುಮ್ಮನಿದ್ದಲ್ಲಿ ಕಾಯ್ದೆ ಮಾತಾಡುತ್ತದೆ. ಕರಾರು ಮಾತಾಡಿದಲ್ಲಿ ಕಾಯ್ದೆ ಸುಮ್ಮನಾಗುತ್ತದೆ. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಎಂದು ಬರೆದ ಕಾಗದಕ್ಕೆ ಓದದೆ ಸಹಿ ಹಾಕಿದವರು, ಕಾಯ್ದೆ ಕೊಟ್ಟ ರಕ್ಷಣೆಯನ್ನು ತಾವೇ ಬಿಟ್ಟುಕೊಟ್ಟಿರುತ್ತಾರೆ. ಮೊದಲು ಓದಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಮಾಲೀಕರ ಹೊಣೆ

ಮನೆಯಲ್ಲಿ ಬಾಡಿಗೆದಾರರ ಕಣ್ಣಿಗೆ ಬೀಳದ, ಆದರೆ ಮಾಲೀಕರಿಗೆ ಗೊತ್ತಿರುವ ದೊಡ್ಡ ದೋಷವಿದ್ದರೆ ಅದನ್ನು ಮೊದಲೇ ಹೇಳಬೇಕು. ಮಳೆಗಾಲದಲ್ಲಿ ನೆಲಮಾಳಿಗೆಗೆ ಚರಂಡಿ ನೀರು ನುಗ್ಗುತ್ತದೆ ಎಂಬುದನ್ನು ಬೇಸಿಗೆಯಲ್ಲಿ ಮನೆ ನೋಡಲು ಬಂದವರು ಹೇಗೆ ತಿಳಿದಾರು? ಹೇಳಿದ ದಿನ ಸ್ವಾಧೀನ ಕೊಡಬೇಕು. ಬಾಡಿಗೆ ಸರಿಯಾಗಿ ಕೊಡುತ್ತಾ ಕರಾರಿನಂತೆ ನಡೆಯುವವರಿಗೆ ಅವಧಿಯುದ್ದಕ್ಕೂ ಅಡ್ಡಿಯಿಲ್ಲದ ಅನುಭೋಗ ಸಿಗಬೇಕು. ಕಾನೂನು ಮಾಲೀಕರ ಮೇಲೆ ಹೊರಿಸಿದ ಹೊಣೆಗಳಲ್ಲಿ ಇದೇ ಮೇಲಿನದು ಎಂದು ನಾನು ತಿಳಿದಿದ್ದೇನೆ.

ಅಡ್ಡಿಯಿಲ್ಲದ ಅನುಭೋಗ ಎಂದರೆ ದಿನನಿತ್ಯದ ಬದುಕಿನಲ್ಲಿ ಏನು? ತಮ್ಮ ಬಳಿ ಉಳಿಸಿಕೊಂಡ ಇನ್ನೊಂದು ಕೀಲಿಯಿಂದ ಮಾಲೀಕರು ಒಳಗೆ ಬರಬಾರದು. ಮನೆ ನೋಡಬೇಕಾದರೆ ಹೇಳಿ, ಕೇಳಿ, ಹೊತ್ತು ನೋಡಿ ಬರಬೇಕು. ಮಾದರಿ ಕಾಯ್ದೆ ಇದಕ್ಕೆ ಇಪ್ಪತ್ನಾಲ್ಕು ಗಂಟೆ ಮುಂಚಿನ ಲಿಖಿತ ಸೂಚನೆ ಬೇಕೆನ್ನುತ್ತದೆ. ಯಾರು ನೆಂಟರು ಬಂದರು, ಎಷ್ಟು ಹೊತ್ತಿಗೆ ಬಂದರು, ಮಗಳು ರಾತ್ರಿ ಪಾಳಿ ಮುಗಿಸಿ ಯಾವಾಗ ಮರಳಿದಳು ಎಂಬುದರ ಲೆಕ್ಕ ಕೇಳುವ ಅಧಿಕಾರ ಬಾಡಿಗೆಯ ಜೊತೆ ಬರುವುದಿಲ್ಲ.

ಜಗಳವಾದಾಗ ನೀರು ನಿಲ್ಲಿಸುವುದು, ಫ್ಯೂಸ್ ಕಿತ್ತುಕೊಂಡು ಹೋಗುವುದು, ಬಾಗಿಲಿಗೆ ಇನ್ನೊಂದು ಬೀಗ ಜಡಿಯುವುದು ನಮ್ಮ ಬಡಾವಣೆಗಳಲ್ಲಿ ಇವತ್ತಿಗೂ ನಡೆಯುತ್ತದೆ. ಇವೆಲ್ಲ ಕಾನೂನಿಗೆ ವಿರುದ್ಧ. ಅವಧಿ ಮುಗಿದ ಬಾಡಿಗೆದಾರರನ್ನೂ ನ್ಯಾಯಾಲಯದ ಆದೇಶವಿಲ್ಲದೆ ಬಲವಂತದಿಂದ ಹೊರಹಾಕುವಂತಿಲ್ಲ. ಹಾಗೆ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿಯಲ್ಲಿ ಆರು ತಿಂಗಳ ಒಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಅಲ್ಲಿ ಮನೆ ಯಾರದು ಎಂದು ಕೇಳುವುದಿಲ್ಲ, ಯಾರ ಸ್ವಾಧೀನವನ್ನು ಯಾರು ಕಿತ್ತುಕೊಂಡರು ಎಂದಷ್ಟೇ ಕೇಳುತ್ತಾರೆ. ಆರು ತಿಂಗಳ ಗಡುವನ್ನು ಮರೆಯಬೇಡಿ.

ಮನೆ ಮಾರಿದರೆ? ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಕಲಂ ಪ್ರಕಾರ ಕೊಂಡವರು ಹಳೆಯ ಮಾಲೀಕರ ಜಾಗದಲ್ಲಿ ನಿಲ್ಲುತ್ತಾರೆ. ಮಾರಾಟವಾಯಿತೆಂದು ನಾಳೆಯೇ ಮನೆ ಬಿಡಬೇಕಾಗಿಲ್ಲ. ಆದರೆ ಅಡ್ವಾನ್ಸ್ ಹಣವನ್ನು ಹೊಸಬರಿಗೆ ದಾಟಿಸಲಾಗಿದೆ ಎಂದು ಇಬ್ಬರಿಂದಲೂ ಒಂದು ಸಾಲು ಬರೆಸಿಕೊಳ್ಳುವುದು ಬುದ್ಧಿವಂತಿಕೆ.

ಬಾಡಿಗೆದಾರರ ಹೊಣೆ

ಹಕ್ಕಿನ ಮಾತು ಕೇಳಿದ ಬಾಡಿಗೆದಾರರು ಈಗ ಹೊಣೆಯ ಮಾತನ್ನೂ ಅಷ್ಟೇ ಗಮನವಿಟ್ಟು ಕೇಳಬೇಕು. ಬಾಡಿಗೆ ಹೇಳಿದ ದಿನಕ್ಕೆ ಸಂದಾಯವಾಗಬೇಕು. ನಿವೃತ್ತಿಯ ಹಣದಲ್ಲಿ ಮೇಲೊಂದು ಮಹಡಿ ಕಟ್ಟಿಸಿ ಅದರ ಬಾಡಿಗೆಯಿಂದಲೇ ಔಷಧಿ ಕೊಳ್ಳುವ ವೃದ್ಧ ದಂಪತಿಗಳು ನಮ್ಮ ನಗರಗಳಲ್ಲಿ ಸಾವಿರಾರು ಮಂದಿ ಇದ್ದಾರೆ. ಮಾಲೀಕ ಎಂದ ಕೂಡಲೇ ಸಾಹುಕಾರ ಎಂದು ತಿಳಿಯುವುದು ಅನ್ಯಾಯ. ಕೊನೆಯ ತಿಂಗಳುಗಳ ಬಾಡಿಗೆ ನಿಲ್ಲಿಸಿ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ ಎನ್ನುವವರು ಇದ್ದಾರೆ. ಒತ್ತೆ ಇಟ್ಟದ್ದು ಬಾಕಿ ಮತ್ತು ಹಾನಿಯ ಭದ್ರತೆಗೆ. ಅದನ್ನು ಒಬ್ಬರೇ ತೀರ್ಮಾನಿಸಿ ಬಾಡಿಗೆಯಾಗಿ ಬದಲಾಯಿಸುವಂತಿಲ್ಲ.

ವಾಸಕ್ಕೆಂದು ಪಡೆದ ಮನೆಯನ್ನು ಗೋದಾಮು ಮಾಡಬಾರದು. ವಿವೇಕವುಳ್ಳವರು ತಮ್ಮದೇ ಸ್ವತ್ತನ್ನು ಹೇಗೆ ಜೋಪಾನ ಮಾಡುತ್ತಾರೋ ಹಾಗೆ ನೋಡಿಕೊಳ್ಳಬೇಕು ಎಂಬುದು 108ನೇ ಕಲಂನ ಅಳತೆಗೋಲು. ಒಪ್ಪಿಗೆಯಿಲ್ಲದೆ ಗೋಡೆ ಒಡೆದು ಕಾಯಂ ಕಟ್ಟಡ ಕಟ್ಟುವಂತಿಲ್ಲ. ತಾವು ಕೂಡಿಸಿದ ವಸ್ತುವನ್ನು ಮನೆ ಬಿಡುವ ಮುನ್ನ ತೆಗೆದುಕೊಂಡು ಹೋಗಬಹುದು, ಆದರೆ ಮನೆ ಮೊದಲಿದ್ದಂತೆ ಇರಬೇಕು. ಪಕ್ಕದವರು ಜಾಗ ಒತ್ತುತ್ತಿದ್ದರೆ ಮಾಲೀಕರಿಗೆ ತಕ್ಷಣ ತಿಳಿಸಬೇಕು; ದೂರದ ಊರಿನಲ್ಲಿರುವ ಮಾಲೀಕರಿಗೆ ಬಾಡಿಗೆದಾರರೇ ಕಣ್ಣು. ಅವಧಿ ಮುಗಿದ ದಿನ ಸ್ವಾಧೀನ ಒಪ್ಪಿಸಬೇಕು. ಮಾದರಿ ಕಾಯ್ದೆಯಲ್ಲಿ ಬಿಡದೆ ಕೂತವರು ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ತೆರಬೇಕು ಎಂದಿರುವುದು ಈ ಹೊಣೆಯ ತೂಕ ಎಷ್ಟೆಂದು ತೋರಿಸುತ್ತದೆ.

ರಿಪೇರಿ ಯಾರದು ಎಂಬ ನಿತ್ಯದ ಜಗಳಕ್ಕೆ ಮಾದರಿ ಕಾಯ್ದೆಯ ಅನುಸೂಚಿ ಒಳ್ಳೆಯ ದಾರಿ ತೋರಿಸಿದೆ. ಕಟ್ಟಡದ ಮೂಲ ದುರಸ್ತಿ, ಸುಣ್ಣಬಣ್ಣ, ನೀರಿನ ಪೈಪು ಬದಲಾವಣೆ, ವೈರಿಂಗು ಮಾಲೀಕರದು. ನಲ್ಲಿಯ ವಾಷರು, ಮೋರಿ ಸ್ವಚ್ಛತೆ, ಸ್ವಿಚ್ಚು, ಗೀಸರು, ಕಿಟಕಿಯ ಗಾಜು, ಬಾಗಿಲಿನ ಬೀಗ, ಸೊಳ್ಳೆ ಜಾಲರಿ ಬಾಡಿಗೆದಾರರದು. ಈ ಹಂಚಿಕೆಯನ್ನು ನಮ್ಮ ಕರಾರಿನಲ್ಲಿ ಬರೆದುಕೊಳ್ಳಲು ಯಾವ ಶಾಸಕಾಂಗದ ಅಪ್ಪಣೆಯೂ ಬೇಕಿಲ್ಲ.

ಭೋಗ್ಯದ ಬಲೆ

ನಮ್ಮ ನಾಡಿನಲ್ಲಿ ಲೀಸ್ ಎಂಬ ಪದಕ್ಕೆ ಕಾನೂನಿನ ಪುಸ್ತಕದಲ್ಲಿಲ್ಲದ ಒಂದು ಅರ್ಥವಿದೆ. ಬೆಂಗಳೂರು, ಮೈಸೂರಿನಲ್ಲಿ ಲೀಸ್‌ಗೆ ಮನೆ ಎಂದರೆ ಭೋಗ್ಯ. ಹತ್ತೋ ಹದಿನೈದೋ ಲಕ್ಷ ಇಡುಗಂಟು ಕೊಡುವುದು, ಬಾಡಿಗೆಯಿಲ್ಲದೆ ಮನೆಯಲ್ಲಿರುವುದು, ಬಿಡುವಾಗ ಇಡುಗಂಟು ಹಿಂದಕ್ಕೆ ಪಡೆಯುವುದು. ಹಣಕ್ಕೆ ಬಡ್ಡಿಯಿಲ್ಲ, ಮನೆಗೆ ಬಾಡಿಗೆಯಿಲ್ಲ. ತಿಂಗಳ ಬಾಡಿಗೆಯ ಕಾಟ ತಪ್ಪಲೆಂದು ಹೆಂಡತಿಯ ಒಡವೆ ಮಾರಿ, ಊರಿನ ಜಮೀನು ಮಾರಿ ಭೋಗ್ಯಕ್ಕೆ ಸೇರುವ ಸಂಸಾರಗಳನ್ನು ನಾನು ಬಹಳ ಕಂಡಿದ್ದೇನೆ.

ಕಾನೂನಿನ ಕಣ್ಣಲ್ಲಿ ಇದು ಬಾಡಿಗೆಯಲ್ಲ, ಸಾಲ. ಸಾಲಕ್ಕೆ ಭದ್ರತೆಯಾಗಿ ಸ್ವಾಧೀನ ಕೊಟ್ಟು, ಬಡ್ಡಿಯ ಬದಲು ಅನುಭೋಗ ಕೊಡುವುದನ್ನು ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಂ ಒಂದು ಬಗೆಯ ಅಡಮಾನ ಎಂದೇ ಗುರುತಿಸಿದೆ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಇಂಥ ಅಡಮಾನಕ್ಕೆ 59ನೇ ಕಲಂ ನೋಂದಣಿಯನ್ನು ಕಡ್ಡಾಯ ಮಾಡಿದೆ. ನೋಂದಾಯಿತ ಭೋಗ್ಯ ಪತ್ರವಿದ್ದರೆ ಹಣ ಮರಳುವವರೆಗೆ ಮನೆಯ ಸ್ವಾಧೀನವನ್ನು ಉಳಿಸಿಕೊಳ್ಳುವ ಹಕ್ಕು ನಿಮ್ಮದು. ಆದರೆ ನಾವು ಮಾಡುವುದೇನು? ಲಕ್ಷಗಟ್ಟಲೆ ಹಣ ಕೊಟ್ಟು ಹನ್ನೊಂದು ತಿಂಗಳ ಬಾಡಿಗೆ ಕಾಗದದಲ್ಲಿ ಅಡ್ವಾನ್ಸ್ ಎಂದು ಬರೆಸಿಕೊಳ್ಳುತ್ತೇವೆ. ಆ ಹಕ್ಕನ್ನು ಅಲ್ಲಿಯೇ ಕಳೆದುಕೊಳ್ಳುತ್ತೇವೆ.

ಮುಂದೆ ಬರುವ ಕಷ್ಟಗಳು ಮೂರು ಬಗೆಯವು. ಮೊದಲನೆಯದು, ಮಾಲೀಕರು ಇಡುಗಂಟನ್ನು ಖರ್ಚು ಮಾಡಿರುತ್ತಾರೆ, ಹೊಸ ಭೋಗ್ಯದಾರರು ಸಿಗುವವರೆಗೆ ಹಳಬರು ಕಾಯಬೇಕು. ಎರಡನೆಯದು, ಮನೆ ಮೊದಲೇ ಬ್ಯಾಂಕಿಗೆ ಅಡಮಾನವಾಗಿರುತ್ತದೆ. ಕಂತು ನಿಂತರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಬಾಗಿಲಿಗೆ ನೋಟಿಸು ಅಂಟಿಸುತ್ತದೆ. ಬ್ಯಾಂಕಿನ ಅಡಮಾನಕ್ಕೆ ಮೊದಲೇ ಕಾನೂನುಬದ್ಧವಾಗಿ ಮನೆಗೆ ಬಂದ ಬಾಡಿಗೆದಾರರಿಗೆ ರಕ್ಷಣೆಯಿದೆ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. ಆದರೆ ನೋಂದಣಿಯಿಲ್ಲದ ಕರಾರನ್ನು ನೆಚ್ಚಿದವರು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಆ ರಕ್ಷಣೆ ಕೇಳಲಾಗದು ಎಂದು 2019ರ ಬಜರಂಗ್ ಶ್ಯಾಮಸುಂದರ್ ಅಗರ್ವಾಲ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತು. ಮೂರನೆಯದು ಎಲ್ಲಕ್ಕಿಂತ ಕ್ರೂರ. ನಡುವಿನ ಸಂಸ್ಥೆಯೊಂದು ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಪಡೆದು, ಇನ್ನೊಬ್ಬರಿಗೆ ಭೋಗ್ಯಕ್ಕೆ ಕೊಟ್ಟು ಇಡುಗಂಟು ಎತ್ತುತ್ತದೆ. ಕೆಲವು ತಿಂಗಳು ಮಾಲೀಕರಿಗೆ ಬಾಡಿಗೆ ಕಟ್ಟಿ, ಒಂದು ದಿನ ಕಚೇರಿಗೆ ಬೀಗ ಹಾಕುತ್ತದೆ. ಬಾಡಿಗೆ ಬಂದಿಲ್ಲವೆಂದು ಮಾಲೀಕರು, ಲಕ್ಷಗಟ್ಟಲೆ ಕೊಟ್ಟಿದ್ದೇನೆಂದು ಭೋಗ್ಯದಾರರು, ಒಂದೇ ಬಾಗಿಲಿನ ಎರಡು ಕಡೆ ನಿಂತು ಅಳುತ್ತಾರೆ. ಇಬ್ಬರೂ ನಿರಪರಾಧಿಗಳು.

ಭೋಗ್ಯಕ್ಕೆ ಹೋಗುವ ಮುನ್ನ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ತೆಗೆಸಿ. ಮನೆಯ ಖಾತೆ ಯಾರ ಹೆಸರಿನಲ್ಲಿದೆ ನೋಡಿ. ಹಣ ಮಾಲೀಕರ ಬ್ಯಾಂಕ್ ಖಾತೆಗೇ ಹೋಗಲಿ, ಸಹಿ ಮಾಲೀಕರದೇ ಇರಲಿ, ಪತ್ರ ನೋಂದಣಿಯಾಗಲಿ. ನೋಂದಣಿಗೆ ಒಪ್ಪದ ಮಾಲೀಕರಿಗೆ ಒಂದು ಲಕ್ಷವನ್ನೂ ಕೊಡಬೇಡಿ.

ಮಾಲೀಕರ ಭಯ

ಮಾಲೀಕರು ಬಿಗಿಯಾಗಿ ವರ್ತಿಸುವುದರ ಹಿಂದೆ ಭಯವಿದೆ, ಅದನ್ನು ಗೌರವದಿಂದ ಅರ್ಥ ಮಾಡಿಕೊಳ್ಳಬೇಕು. ಕರಾವಳಿಯಲ್ಲಿ ಚಾಲಗೇಣಿ, ಮೂಲಗೇಣಿ ಎಂಬ ಜಮೀನಿನ ಗೇಣಿ ಪದ್ಧತಿಗಳಿದ್ದ ನಾಡು ನಮ್ಮದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವರು ಹೊಲದೊಡೆಯರಾದರು. ಅದು ಈ ನಾಡು ಮಾಡಿದ ದೊಡ್ಡ ನ್ಯಾಯಗಳಲ್ಲೊಂದು. ಆದರೆ ಅದು ಕೃಷಿ ಭೂಮಿಯ ಮಾತು. ವಾಸದ ಮನೆಯ ಮಾಲೀಕರೂ ಅಂದಿನಿಂದ ಕೊಟ್ಟದ್ದು ಹೋಯಿತು ಎಂಬ ಆತಂಕವನ್ನು ಹೊತ್ತುಕೊಂಡಿದ್ದಾರೆ. ಹನ್ನೆರಡು ವರ್ಷ ಇದ್ದರೆ ಮನೆ ಅವರದೇ ಆಗುತ್ತದೆ ಎಂಬ ಮಾತು ಊರೆಲ್ಲ ಹರಡಿದೆ. ಅದು ತಪ್ಪು. ಬಾಡಿಗೆದಾರರು ಇರುವುದು ಮಾಲೀಕರ ಅನುಮತಿಯಿಂದ. ಬಾಡಿಗೆ ಸಂಬಂಧ ನಡೆಯುತ್ತಿರುವಾಗ ಎಷ್ಟು ವರ್ಷ ಇದ್ದರೂ ಅದು ಪ್ರತಿಕೂಲ ಸ್ವಾಧೀನವಾಗುವುದಿಲ್ಲ, ತಮಗೆ ಮನೆ ಕೊಟ್ಟವರ ಒಡೆತನವನ್ನು ಬಾಡಿಗೆದಾರರು ಪ್ರಶ್ನಿಸಲು ಸಾಕ್ಷ್ಯ ಕಾನೂನೂ ಬಿಡುವುದಿಲ್ಲ.

ನಿಜವಾದ ಭಯ ನ್ಯಾಯಾಲಯದ ವಿಳಂಬದ್ದು. 1951ರ ಮೈಸೂರು ಕಾಯ್ದೆ, ಆಮೇಲಿನ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಹುಟ್ಟಿದ್ದು ಮನೆಗಳ ಕೊರತೆಯ ಕಾಲದಲ್ಲಿ. ಅವು ಬಾಡಿಗೆದಾರರನ್ನು ಕಾಪಾಡಿದವು, ಜೊತೆಗೆ ದಶಕಗಟ್ಟಲೆ ಬಾಡಿಗೆ ಏರದ, ತೆರವಾಗದ ಮನೆಗಳನ್ನೂ ಉಳಿಸಿದವು. ಅದನ್ನು ಸರಿಪಡಿಸಲು 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಂತು. ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದು ಹೊರಗಿಟ್ಟಿತು. ಇವತ್ತು ಆ ಮೊತ್ತಕ್ಕೆ ಬೆಂಗಳೂರಿನಲ್ಲಿ ಸಂಸಾರಕ್ಕೆ ತಕ್ಕ ಮನೆ ಎಲ್ಲಿದೆ? ಆದ್ದರಿಂದ ಹೊಸದಾಗಿ ಬಾಡಿಗೆಗೆ ಹೋಗುವ ಬಹುತೇಕ ಮನೆಗಳು 1882ರ ಕಾಯ್ದೆ ಮತ್ತು ನಮ್ಮದೇ ಕರಾರಿನ ಆಳ್ವಿಕೆಯಲ್ಲಿವೆ. ನಮ್ಮ ಕರಾರೇ ನಮ್ಮ ಕಾನೂನು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಕೊಡುವುದಿಲ್ಲ ಎಂಬ ಮಾತು

ಕರಾರು ಬರೆಯುವ ಹಂತಕ್ಕೂ ಬರಲಾಗದವರ ಬಗ್ಗೆ ಎರಡು ಮಾತು ಹೇಳದೆ ಈ ಉಪನ್ಯಾಸ ಮುಗಿಯಬಾರದು. ಕೊಲಂಬಿಯಾ ಮತ್ತು ಲಂಡನ್‌ಗಳಲ್ಲಿ ಓದಿದ ತರುಣನೊಬ್ಬ 1917ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಬಂದ. ಊರಿನಲ್ಲಿ ಅವನಿಗೆ ಇರಲು ಮನೆ ಸಿಗಲಿಲ್ಲ. ಹುಟ್ಟಿದ ಜಾತಿಯನ್ನು ಮುಚ್ಚಿಟ್ಟು ಪಾರ್ಸಿ ವಸತಿಗೃಹದಲ್ಲಿ ಕೆಲವು ದಿನ ಕಳೆದ. ವಿಷಯ ತಿಳಿದ ಗುಂಪು ಕೋಲು ಹಿಡಿದು ಬಂದು ಅವನನ್ನು ಹೊರಹಾಕಿತು. ಸ್ನೇಹಿತರೂ ಆಶ್ರಯ ಕೊಡಲಿಲ್ಲ. ಊರಿನ ಉದ್ಯಾನದಲ್ಲಿ ಕುಳಿತು ಅತ್ತು ಆ ತರುಣ ಮುಂಬೈಗೆ ಮರಳಿದ. ಆ ತರುಣ ಡಾ. ಅಂಬೇಡ್ಕರ್. ಈ ದೇಶದ ಸಂವಿಧಾನದ ಕರಡು ಸಮಿತಿಗೆ ಮುಂದೆ ಅಧ್ಯಕ್ಷರಾದವರಿಗೆ ಒಂದು ಕಾಲದಲ್ಲಿ ಬಾಡಿಗೆಗೆ ಒಂದು ಕೋಣೆ ಸಿಕ್ಕಿರಲಿಲ್ಲ.

ನೂರಕ್ಕೂ ಹೆಚ್ಚು ವರ್ಷಗಳಾದವು. ಹೆಸರು ಕೇಳಿ, ಅಡ್ಡಹೆಸರು ಕೇಳಿ, ಏನು ಊಟ ಮಾಡುತ್ತೀರಿ ಎಂದು ಕೇಳಿ, ಒಂಟಿ ಹೆಣ್ಣುಮಗಳೆಂದು ತಿಳಿದು, ಮನೆ ಈಗಷ್ಟೇ ಆಗಿಹೋಯಿತು ಎಂದು ಕಳಿಸುವ ನಡೆ ನಿಂತಿಲ್ಲ. ಯಾರಿಗೆ ಮನೆ ಕೊಡಬೇಕು ಎಂಬುದನ್ನು ಬಾಡಿಗೆಯ ಕಾಯ್ದೆಗಳು ಹೇಳುವುದಿಲ್ಲ. ಆದರೆ ಅಸ್ಪೃಶ್ಯತೆಯನ್ನು ಯಾವ ರೂಪದಲ್ಲೂ ಆಚರಿಸಬಾರದೆಂದು ಸಂವಿಧಾನದ 17ನೇ ವಿಧಿ ಹೇಳುತ್ತದೆ, ಅದು ಸರ್ಕಾರವನ್ನಷ್ಟೇ ಅಲ್ಲ, ನಮ್ಮನ್ನೂ ಕಟ್ಟುತ್ತದೆ. ಬಾಗಿಲಲ್ಲಿ ನಿಂತವರ ಜಾತಿ ಬಾಡಿಗೆ ಕಟ್ಟುವುದಿಲ್ಲ. ಅವರ ನಡತೆ ಕಟ್ಟುತ್ತದೆ.

ಕೊನೆಯ ಮಾತು

ಹಾಗಾದರೆ ಮಾಡಬೇಕಾದದ್ದೇನು? ಇಬ್ಬರಿಗೂ ಗೊತ್ತಿರುವ ಭಾಷೆಯಲ್ಲಿ, ಕನ್ನಡದಲ್ಲಿಯೇ, ಕರಾರು ಬರೆಯಿರಿ. ನಿಜವಾಗಿ ಎಷ್ಟು ವರ್ಷದ ಮಾತಾಗಿದೆಯೋ ಅಷ್ಟನ್ನೇ ಬರೆದು, ವರ್ಷ ಮೀರಿದರೆ ನೋಂದಾಯಿಸಿ. ಬಾಡಿಗೆ ಎಷ್ಟು, ವರ್ಷಕ್ಕೆ ಎಷ್ಟು ಏರಿಕೆ, ಅಡ್ವಾನ್ಸ್ ಎಷ್ಟು, ಎಷ್ಟು ದಿನದೊಳಗೆ ವಾಪಸು, ಏನೇನು ಕಳೆಯಬಹುದು, ಯಾವ ರಿಪೇರಿ ಯಾರದು, ಬಿಡಲು ಎಷ್ಟು ದಿನದ ನೋಟಿಸು, ಇವಿಷ್ಟು ಇದ್ದರೆ ಸಾಕು. ಸೇರುವ ದಿನ ಇಬ್ಬರೂ ಕೂಡಿ ಮನೆಯ ಪ್ರತಿ ಕೋಣೆಯ ಫೋಟೋ ತೆಗೆದು, ಮೀಟರ್ ರೀಡಿಂಗ್ ಬರೆದು, ಎರಡೂ ಕಡೆ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಬಾಡಿಗೆ ಬ್ಯಾಂಕಿನ ಮೂಲಕ ಹೋಗಲಿ, ಕೈಯಲ್ಲಿ ಕೊಟ್ಟರೆ ರಸೀದಿ ಇರಲಿ. ಜಗಳ ಬಂದರೆ ನೇರವಾಗಿ ದಾವೆಗೆ ಹೋಗುವ ಮುನ್ನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಿ, ದೂರವಾಣಿ 15100. ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ.

ಕಾನೂನು ಓದುತ್ತಿರುವ ಮಕ್ಕಳಿಗೆ ಒಂದು ಕೋರಿಕೆ. ಈ ವರ್ಷ ನಿಮ್ಮ ಬೀದಿಯ ಹತ್ತು ಮನೆಗಳಿಗೆ ಹೋಗಿ, ಅವರ ಕರಾರು ಪತ್ರವನ್ನು ಅವರಿಗೇ ಓದಿ ಹೇಳಿ. ಮಾಲೀಕರ ಮನೆಗೂ ಹೋಗಿ, ಬಾಡಿಗೆದಾರರ ಮನೆಗೂ ಹೋಗಿ. ನಮ್ಮ ತಂದೆಯ ನೋಟು ಪುಸ್ತಕ ನನ್ನ ಬಳಿ ಇನ್ನೂ ಇದೆ. ಹೆಂಚಿನ ಖರ್ಚು ಕಳೆದ ಆ ಸಾಲಿನ ಕೆಳಗೆ ಎರಡು ಸಹಿಗಳಿವೆ. ಆ ಮನೆಯಲ್ಲಿ ನಾವು ಹದಿನಾಲ್ಕು ವರ್ಷ ಇದ್ದೆವು. ಒಂದು ಸಲವೂ ಕೋರ್ಟು ಮೆಟ್ಟಿಲು ಹತ್ತಲಿಲ್ಲ.